ಕಾಣದ ಗಾಯವೂ ಅದರ ಹೊಣೆಯೂ



ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಈ ಮೂರು ತಾಲೂಕುಗಳ ಹಳ್ಳಿಸಭೆಗಳನ್ನು ಸಂದರ್ಶಿಸುತ್ತ ಹೋಗುವಾಗ ನಮ್ಮನ್ನು ಕೇಳುವ ಪ್ರಶ್ನೆಗಳು ಬಹಳ. ಅವುಗಳಲ್ಲಿ ಅನೇಕವುಗಳಿಗೆ ಉತ್ತರವು ನಮ್ಮ ಬಾಯಲ್ಲಿ ಸಿದ್ಧವಾಗಿರುವದು. ಆದರೆ ಕಳೆದ ಸುಗ್ಗಿಯ ಕಾಲದಲ್ಲಿ ಒಬ್ಬ ತಾಯಿಯು ಕೇಳಿದ ಪ್ರಶ್ನೆಗೆ ನಾವು ಕೊಟ್ಟ ಉತ್ತರವು ಸಾಲದೆ ಹೋಯಿತೆಂದು ನಮ್ಮ ಮನಸ್ಸಾಕ್ಷಿಯು ಈಗಲೂ ನಮ್ಮನ್ನು ಚುಚ್ಚುತ್ತಿರುವದರಿಂದ, ಆ ಉತ್ತರವನ್ನು ಸರಿಪಡಿಸುವದಕ್ಕೋಸ್ಕರ ಇದನ್ನು ಬರೆಯುತ್ತೇವೆ.

ಆ ತಾಯಿಯ ಮಗನು ಕೆಲವು ವರುಷ ಊರುಬಿಟ್ಟು, ಒಂದು ಅಣುವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆದಾರನ ಕೈಕೆಳಗೆ ಬಣ್ಣ ಬಳಿಯುವ ಕೆಲಸವನ್ನು ಮಾಡಿ, ಹಿಂದಿರುಗಿ ಬಂದು ತನ್ನ ಎರಡೆಕರೆ ಹೊಲದಲ್ಲಿ ದುಡಿಯುತ್ತಿದ್ದನು. ಹುಕ್ಕೇರಿಯ ಕಡೆಯ ಒಂದು ವಿಶ್ವಾಸಿಗಳ ಮನೆಯಿಂದ ಹೆಣ್ಣು ತರಬೇಕೆಂದು ಮಾತು ನಡೆದು, ನಿಶ್ಚಯದ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಹುಡುಗಿಯ ಸೋದರಮಾವನ ಮೊಬೈಲಿಗೆ ಯಾರೋ ಒಂದು ಚಿತ್ರವನ್ನು ಕಳುಹಿಸಿದರು. ಕೈಕಾಲು ಸೊಟ್ಟಾದ ಒಂದು ಕೂಸಿನ ಚಿತ್ರ. ಅದರ ಕೆಳಗೆ, ಅಣುಸ್ಥಾವರದಲ್ಲಿ ದುಡಿದವರ ಮಕ್ಕಳು ಹೀಗೆಯೇ ಹುಟ್ಟುವರೆಂಬ ಮಾತು. ನಿಶ್ಚಯವು ಮುರಿಯಿತು. ಊರಲ್ಲಿ ಒಬ್ಬರು ಆ ಹುಡುಗನು ದೊಡ್ಡ ಅಪಘಾತದಲ್ಲಿ ಸಿಕ್ಕಿದ್ದನೆಂದು ಹೇಳಿದರು. ಇನ್ನೊಬ್ಬರು ಅವನ ಸಂಗಡ ಒಂದೇ ತಾಟಿನಲ್ಲಿ ಉಣ್ಣಬಾರದೆಂದು ಹೇಳಿದರು. ಅವನು ಯಾವ ಅಪಘಾತದಲ್ಲಿಯೂ ಸಿಕ್ಕಿರಲಿಲ್ಲ. ಆ ತಾಯಿಯು ಮನೆಯ ಕಟ್ಟೆಯ ಮೇಲೆ ಕುಳಿತು ನಮ್ಮನ್ನು ಕೇಳಿದಳು: “ಉಪದೇಶಿಯವರ, ನನ್ನ ಮಗಾ ದುಡದ ತಿನ್ನಾಕ ಹ್ವಾದಾಂವ್ರಿ. ಅಂವಾ ಏನ್ ಪಾಪಾ ಮಾಡ್ಯಾನ್ರಿ? ನಾ ಏನ್ ಪಾಪಾ ಮಾಡೇನ್ರಿ?”

ನಾವು, ಎಲ್ಲವೂ ದೇವರ ಚಿತ್ತ, ಪ್ರಾರ್ಥನೆ ಮಾಡಮ್ಮಾ ಎಂದು ಹೇಳಿ, ಮುಂದಿನ ಊರಿಗೆ ಹೊತ್ತಾಗುವದೆಂದು ಎದ್ದು ಬಂದೆವು. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಆಡಿದ್ದು ಆ ತಾಯಿಯ ಸಮಾಧಾನಕ್ಕಾಗಿ ಅಲ್ಲ, ನಾವು ತಪ್ಪಿಸಿಕೊಂಡು ಹೋಗುವದಕ್ಕಾಗಿ. ಆಮೇಲೆ ನಾವು ತಿಳಿದ ವೈದ್ಯರನ್ನು ಕೇಳಿ, ದೊರೆತದ್ದನ್ನು ಓದಿ, ಸತ್ಯವೇದವನ್ನು ಮತ್ತೆ ತೆರೆದು ನೋಡಿದಾಗ ನಮಗೆ ತಿಳಿದುಬಂದದ್ದನ್ನು ಕ್ರಮವಾಗಿ ಹೇಳುವೆವು.

ಮೊದಲನೆಯದಾಗಿ, ಈ ವಿಕಿರಣವೆಂಬದು ಏನು? ಅದು ಕಣ್ಣಿಗೆ ಕಾಣದ, ಮೂಗಿಗೆ ವಾಸನೆ ಬಾರದ, ಮೈಗೆ ತಗಲಿದರೂ ಗೊತ್ತಾಗದ ಒಂದು ಶಕ್ತಿ. ಅದು ಮನುಷ್ಯನು ಹೊಸದಾಗಿ ಹುಟ್ಟಿಸಿದ್ದೂ ಅಲ್ಲ. ದೇವರು ಉಂಟುಮಾಡಿದ ಮಣ್ಣಿನಿಂದಲೂ ಕಲ್ಲಿನಿಂದಲೂ ಆಕಾಶದಿಂದಲೂ ಅದು ದಿನಾಲು ಸ್ವಲ್ಪಸ್ವಲ್ಪವಾಗಿ ನಮ್ಮೆಲ್ಲರ ಮೇಲೆ ಬೀಳುತ್ತಿರುವದು. ಅದನ್ನು ಅಳೆಯುವ ಅಳತೆಗೆ ಮಿಲಿಸೀವರ್ಟ್ ಎಂದು ಹೆಸರು. ಲೋಕದಲ್ಲಿ ಒಬ್ಬ ಮನುಷ್ಯನಿಗೆ ಪ್ರಕೃತಿಯಿಂದ ಸರಾಸರಿ ವರುಷಕ್ಕೆ ಸುಮಾರು 2.4 ಮಿಲಿಸೀವರ್ಟ್ ತಗಲುವದು. ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆಸಿದರೆ ಅದರಿಂದ ತಗಲುವದು ಸುಮಾರು 0.1 ಮಾತ್ರ. ಅಣುಸ್ಥಾವರದ ಕೆಲಸಗಾರನಿಗೆ ನಮ್ಮ ದೇಶದಲ್ಲಿ ಯಾವದೇ ಒಂದು ವರುಷದಲ್ಲಿ 30ಕ್ಕೆ ಮೀರಬಾರದು, ಐದು ವರುಷಗಳ ಸರಾಸರಿಯು 20ಕ್ಕೆ ಮೀರಬಾರದು ಎಂದು ನೇಮವಿರುವದು.

ಇದು ಬಹಳವಾಗಿ ಒಮ್ಮೆಲೇ ತಗಲಿದರೆ ದಿನಗಳೊಳಗೆ ವಾಂತಿ, ಚರ್ಮದ ಸುಡುವಿಕೆ, ರಕ್ತದ ಕ್ಷೀಣತೆ ಉಂಟಾಗಿ ಮನುಷ್ಯನು ಸಾಯುವನು. ಆದರೆ ಕಡಿಮೆಯಾಗಿ ತಗಲಿದರೆ ಆಗುವದೇನು? ಇದನ್ನು ಒಕ್ಕಲಿಗರಾದ ನೀವು ನಮಗಿಂತ ಚೆನ್ನಾಗಿ ತಿಳಿಯಬಲ್ಲಿರಿ. ಜೋಳಕ್ಕೆ ಬರುವ ಕಾಡಿಗೆ ರೋಗವನ್ನು ನೋಡಿರಿ. ಅದು ಬೀಜಕ್ಕೆ ಅಂಟಿಕೊಂಡು ಹೊಲಕ್ಕೆ ಹೋಗುವದು. ಬಿತ್ತುವಾಗ ಕಾಣದು, ಮೊಳೆಯುವಾಗ ಕಾಣದು, ಬೆಳೆಯು ಎದೆಯೆತ್ತರ ನಿಂತಾಗಲೂ ಕಾಣದು. ತೆನೆ ಬಂದಾಗ ಕಾಳು ಇರಬೇಕಾದ ಸ್ಥಳದಲ್ಲಿ ಕರಿಯ ಪುಡಿ ಕಾಣುವದು. ಅದರಂತೆಯೇ ವಿಕಿರಣವು ನಮ್ಮ ದೇಹದ ಅತಿ ಸೂಕ್ಷ್ಮವಾದ ಜೀವಕಣಗಳಲ್ಲಿ ಒಂದು ಗಾಯವನ್ನು ಮಾಡುವದು. ಹೆಚ್ಚಿನ ಗಾಯಗಳನ್ನು ದೇಹವು ತಾನೇ ವಾಸಿಮಾಡಿಕೊಳ್ಳುವದು. ವಾಸಿಯಾಗದೆ ಉಳಿದದ್ದು ಹತ್ತು, ಇಪ್ಪತ್ತು, ಮೂವತ್ತು ವರುಷಗಳ ತರುವಾಯ ಕ್ಯಾನ್ಸರ್ ಆಗಿ ತೆನೆಬಿಡಬಹುದು. ಬಿಟ್ಟೇ ಬಿಡುವದೆಂದಲ್ಲ, ಬಿಡಬಹುದು. ಈ ‘ಬಹುದು’ ಎಂಬ ಮಾತಿನಲ್ಲಿಯೇ ನಮ್ಮ ಪ್ರಶ್ನೆಯ ಕಷ್ಟವೆಲ್ಲ ಅಡಗಿರುವದು.

ಇದು ನಮ್ಮ ಸೀಮೆಗೆ ಸಂಬಂಧವಿಲ್ಲದ ವಿಷಯವೆಂದು ಯಾರೂ ಅಂದುಕೊಳ್ಳಬಾರದು. ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾಳೀನದಿಯ ದಡದ ಮೇಲೆ, ಕೈಗಾ ಎಂಬ ಸ್ಥಳದಲ್ಲಿ 220 ಮೆಗಾವಾಟಿನ ನಾಲ್ಕು ಅಣುಯಂತ್ರಗಳು ಕಟ್ಟಲ್ಪಟ್ಟಿವೆ. ಮೊದಲನೆಯ ಎರಡು ಯಂತ್ರಗಳಿಂದ 2000ನೆಯ ವರುಷದಿಂದ ವಿದ್ಯುತ್ತು ಬರತೊಡಗಿತು. ಅದಕ್ಕಿಂತ ಮುಂಚೆ 1994ನೆಯ ಮೇ ತಿಂಗಳಲ್ಲಿ, ಕಟ್ಟಡವು ನಡೆಯುತ್ತಿರುವಾಗಲೇ, ಯಂತ್ರವನ್ನು ಮುಚ್ಚುವ ಕಾಂಕ್ರೀಟಿನ ಗುಮ್ಮಟದ ಭಾಗವು ಕುಸಿದು ಕೆಲಸಗಾರರಿಗೆ ಗಾಯಗಳಾದವು. ಆಗ ಒಳಗೆ ಅಣು ಇಂಧನವು ಇರಲಿಲ್ಲವಾದದ್ದರಿಂದ ವಿಕಿರಣದ ಅಪಾಯವಾಗಲಿಲ್ಲ.

ಆದರೆ 2009ನೆಯ ನವಂಬರದಲ್ಲಿ ಬೇರೊಂದು ಸಂಗತಿ ನಡೆಯಿತು. ಕೆಲಸಗಾರರ ಮೂತ್ರವನ್ನು ಪರೀಕ್ಷಿಸುವ ಕ್ರಮವು ಅಲ್ಲಿ ಇರುವದು. ಆ ಪರೀಕ್ಷೆಯಲ್ಲಿ ಐವತ್ತಕ್ಕಿಂತ ಹೆಚ್ಚು ಮಂದಿಯ ದೇಹದಲ್ಲಿ ಟ್ರಿಟಿಯಮ್ ಎಂಬ ವಿಕಿರಣ ಪದಾರ್ಥವು ಇರಬೇಕಾದದ್ದಕ್ಕಿಂತ ಹೆಚ್ಚಾಗಿ ಕಂಡುಬಂತು. ಕಾರಣವನ್ನು ಹುಡುಕಿದಾಗ, ಕುಡಿಯುವ ನೀರಿನ ತಂಪುಪೆಟ್ಟಿಗೆಯೊಳಗೆ ಯಾರೋ ಬೇಕೆಂದೇ ಯಂತ್ರದ ಭಾರಜಲವನ್ನು ಬೆರೆಸಿದ್ದರೆಂದು ತೋರಿಬಂತು. ಟ್ರಿಟಿಯಮ್ ನೀರಿನೊಂದಿಗೆ ನೀರಾಗಿ ದೇಹವನ್ನು ಸೇರಿ, ನೀರಾಗಿಯೇ ಹೊರಗೆ ಹೋಗುವದು. ಹತ್ತು ದಿನಗಳಿಗೆ ಸುಮಾರು ಅರ್ಧದಷ್ಟು ಹೋಗುವದು. ಹೆಚ್ಚು ನೀರು ಕುಡಿದರೆ ಇನ್ನೂ ಬೇಗ ಹೋಗುವದು. ಅದರ ಕಿರಣವು ಚರ್ಮವನ್ನು ದಾಟಿ ಪಕ್ಕದವನನ್ನು ಮುಟ್ಟಲಾರದು. ಆ ಮಂದಿಗೆ ಇಂಥ ಚಿಕಿತ್ಸೆಯೇ ನಡೆಯಿತು. ಆದರೂ ತನ್ನ ಸಂಗಡ ದುಡಿಯುವವರು ಕುಡಿಯುವ ನೀರಿನಲ್ಲಿ ಬೆರೆಸಿದ ಆ ಕೈಯನ್ನು ನೆನೆಸಿದರೆ, ಕಾಣದ ಪದಾರ್ಥವು ಭಯಂಕರವಾಗುವದು ಅದರೊಳಗಿರುವ ಶಕ್ತಿಯಿಂದ ಮಾತ್ರವಲ್ಲ, ಅದನ್ನು ಹಿಡಿದವನ ಹೃದಯದಿಂದಲೂ ಎಂದು ತಿಳಿಯುವದು.

ಕೈಗಾದಲ್ಲಿ ಲೋಕವು ಹೆದರುವಂಥ ದೊಡ್ಡ ಅಪಘಾತವು ಆಗಲಿಲ್ಲ; ಅದಕ್ಕಾಗಿ ದೇವರಿಗೆ ಸ್ತೋತ್ರವಾಗಲಿ. ಆದರೆ ಅಂಥದ್ದು ಆದ ದೇಶಗಳಲ್ಲಿ ಬಹು ವರುಷಗಳ ಮೇಲೆ ಏನು ಕಂಡುಬಂತೆಂಬದನ್ನು ತಿಳಿಯದೆ ನಾವು ಆ ತಾಯಿಗೆ ಉತ್ತರಿಸಲಾರೆವು.

ಎಲ್ಲಕ್ಕಿಂತ ಉದ್ದವಾದ ಲೆಕ್ಕವು ಜಪಾನ್ ದೇಶದ್ದು. ಅದು ಅಪಘಾತವಲ್ಲ, ಯುದ್ಧ. 1945ನೆಯ ಆಗಸ್ಟ್ 6ರಂದು ಹಿರೋಶಿಮಾದ ಮೇಲೆಯೂ 9ರಂದು ನಾಗಸಾಕಿಯ ಮೇಲೆಯೂ ಬಾಂಬುಗಳು ಬಿದ್ದವು. ಬದುಕಿ ಉಳಿದವರಲ್ಲಿ ಸುಮಾರು 94,000 ಮಂದಿಯನ್ನು 1950ರಿಂದ ವೈದ್ಯರು ವರುಷ ವರುಷವೂ ವಿಚಾರಿಸುತ್ತ ಬಂದಿದ್ದಾರೆ. ರಕ್ತದ ಕ್ಯಾನ್ಸರ್ ಕೆಲವೇ ವರುಷಗಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿತು. ಹೊಟ್ಟೆ, ಶ್ವಾಸಕೋಶ, ಸ್ತನ ಮುಂತಾದವುಗಳ ಕ್ಯಾನ್ಸರ್ ಸುಮಾರು ಹತ್ತು ವರುಷಗಳ ಮೇಲೆ ಹೆಚ್ಚತೊಡಗಿ, ಆ ಹೆಚ್ಚಳವು ಅವರ ಆಯುಷ್ಯವಿರುವ ವರೆಗೂ ನಿಲ್ಲಲಿಲ್ಲ. ಆ ಹೊತ್ತಿಗೆ ತಾಯಿಯ ಗರ್ಭದಲ್ಲಿದ್ದ ಕೂಸುಗಳಲ್ಲಿ ಕೆಲವಕ್ಕೆ ತಲೆ ಚಿಕ್ಕದಾಗಿ ಬುದ್ಧಿಯೂ ಮಂದವಾಯಿತು. ಇದೆಲ್ಲವೂ ನಿಜ, ಮುಚ್ಚತಕ್ಕದ್ದಲ್ಲ.

ಆದರೆ ಇದೂ ನಿಜ: ಆ ಬಾಂಬಿನ ತರುವಾಯ ಗರ್ಭಧರಿಸಲ್ಪಟ್ಟು ಹುಟ್ಟಿದ ಸುಮಾರು 77,000 ಮಕ್ಕಳನ್ನು ಪರೀಕ್ಷಿಸಿ ನೋಡಿದಾಗ, ತಂದೆತಾಯಿಗಳಿಗೆ ತಗಲಿದ ವಿಕಿರಣದಿಂದ ಅವರಲ್ಲಿ ಅಂಗಹೀನತೆಯಾಗಲಿ ರೋಗವಾಗಲಿ ಹೆಚ್ಚಾದದ್ದು ಕಂಡುಬರಲಿಲ್ಲ. ಹೀಗಿದ್ದರೂ ಆ ಊರುಗಳ ಹುಡುಗಹುಡುಗಿಯರಿಗೆ ಹೆಣ್ಣುಗಂಡು ಸಿಕ್ಕುವದು ಬಹು ವರುಷಗಳ ವರೆಗೆ ಕಷ್ಟವಾಗಿತ್ತು. ಅನೇಕರು ತಾವು ಬಾಂಬಿನಿಂದ ಉಳಿದವರೆಂಬ ಸಂಗತಿಯನ್ನೇ ಬಚ್ಚಿಟ್ಟರು. ಹುಕ್ಕೇರಿಯ ಕಡೆಯಲ್ಲಿ ಮುರಿದ ನಿಶ್ಚಯವು ಲೋಕದಲ್ಲಿ ಮೊದಲನೆಯದಲ್ಲ.

ಎರಡನೆಯದು, 1986ನೆಯ ಎಪ್ರಿಲ್ 26ರಂದು ಉಕ್ರೇನ್ ದೇಶದ ಚೆರ್ನೋಬಿಲ್‌ನಲ್ಲಿ ಒಡೆದುಹೋದ ಅಣುಯಂತ್ರ. ಅಲ್ಲಿ ಬೆಂಕಿ ಆರಿಸಿದವರಲ್ಲಿಯೂ ಕೆಲಸಗಾರರಲ್ಲಿಯೂ 134 ಮಂದಿಗೆ ಕೂಡಲೇ ವಿಕಿರಣರೋಗ ಬಂದು, ಅವರಲ್ಲಿ 28 ಮಂದಿ ಅದೇ ವರುಷ ಸತ್ತರು. ಆದರೆ ದೀರ್ಘಕಾಲದ ಹಾನಿಯು ಬಂದದ್ದು ಹಾಲಿನಿಂದ. ಗಾಳಿಯಲ್ಲಿ ಹೋದ ವಿಕಿರಣ ಅಯೋಡೀನು ಹುಲ್ಲಿನ ಮೇಲೆ ಬಿತ್ತು. ಹುಲ್ಲನ್ನು ಆಕಳು ತಿಂದಿತು. ಆಕಳ ಹಾಲನ್ನು ಕೂಸು ಕುಡಿಯಿತು. ಗಳಗಂಡ ರೋಗದಲ್ಲಿ ಕೊರಳಲ್ಲಿ ಬಾತುಕೊಳ್ಳುವ ಗ್ರಂಥಿ ಉಂಟಲ್ಲಾ, ಥೈರಾಯಿಡ್ ಎಂಬದು, ಅದು ಅಯೋಡೀನನ್ನು ಎಲ್ಲಿದ್ದರೂ ಎಳೆದುಕೊಳ್ಳುವದು. 2005ರ ವರೆಗೆ ಆ ಸೀಮೆಗಳಲ್ಲಿ, ಅಪಘಾತದ ಕಾಲದಲ್ಲಿ ಮಕ್ಕಳಾಗಿದ್ದ 6,000ಕ್ಕಿಂತ ಹೆಚ್ಚು ಮಂದಿಗೆ ಆ ಗ್ರಂಥಿಯ ಕ್ಯಾನ್ಸರ್ ಬಂದಿತ್ತು. ಶಸ್ತ್ರಚಿಕಿತ್ಸೆಯಿಂದ ಬಹುತೇಕರು ಬದುಕಿದರು. 15 ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು.

ಆ ಅಯೋಡೀನಿನ ಶಕ್ತಿಯು ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗುವದು. ಆದಕಾರಣ ಕೆಲವು ವಾರಗಳ ವರೆಗೆ ಆ ಹಾಲನ್ನು ಮಕ್ಕಳಿಗೆ ಕುಡಿಸದೆ ಇಟ್ಟಿದ್ದರೆ ಅವರಲ್ಲಿ ಬಹುಮಂದಿ ತಪ್ಪಿಸಿಕೊಳ್ಳುತ್ತಿದ್ದರು. ಯಾಕೆ ಕುಡಿಸಿದರು? ತಾಯಂದಿರಿಗೆ ತಿಳಿದಿರಲಿಲ್ಲ. ತಿಳಿದವರು ಹೇಳಲಿಲ್ಲ. ಪಕ್ಕದ ಊರಾದ ಪ್ರಿಪ್ಯಾತ್‌ನ ಜನರನ್ನು ಮರುದಿನ ಮಧ್ಯಾಹ್ನದ ವರೆಗೆ ಹೊರಡಿಸಲಿಲ್ಲ. ಸ್ವೀಡನ್ ದೇಶದ ಯಂತ್ರಗಳು ಗಾಳಿಯಲ್ಲಿ ಅದನ್ನು ಕಂಡುಹಿಡಿದ ಮೇಲೆಯೇ, 28ನೆಯ ತಾರೀಖಿನ ಸಾಯಂಕಾಲ, ಆ ಸರಕಾರವು ಬಾಯಿಬಿಟ್ಟಿತು. ಮೇ 1ರಂದು ಕೀವ್ ಪಟ್ಟಣದಲ್ಲಿ ಏನೂ ಆಗಿಲ್ಲವೆಂಬಂತೆ ಮೆರವಣಿಗೆ ನಡೆಯಿತು. ಪಕ್ಕದ ಪೋಲೆಂಡ್ ದೇಶವಾದರೋ ತನ್ನ ಮಕ್ಕಳಲ್ಲಿ ಒಂದು ಕೋಟಿಗಿಂತ ಹೆಚ್ಚು ಮಂದಿಗೆ ಶುದ್ಧ ಅಯೋಡೀನಿನ ಔಷಧವನ್ನು ಬೇಗನೆ ಕುಡಿಸಿತು.

ಮೂರನೆಯದು, ಬ್ರಝಿಲ್ ದೇಶದ ಗೊಯಾನಿಯಾ ಪಟ್ಟಣದ ಸಂಗತಿ. 1987ನೆಯ ಸೆಪ್ಟೆಂಬರದಲ್ಲಿ, ಬಿಟ್ಟುಹೋದ ಒಂದು ಆಸ್ಪತ್ರೆಯ ಕಟ್ಟಡದಿಂದ ಬಡವರಿಬ್ಬರು ಒಂದು ಯಂತ್ರವನ್ನು ಕಬ್ಬಿಣದ ಆಶೆಯಿಂದ ಹೊತ್ತುಕೊಂಡು ಹೋಗಿ ಒಡೆದರು. ಅದರೊಳಗಿನ ಸೀಸಿಯಮ್ ಪುಡಿಯು ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದದ್ದರಿಂದ ಗುಜರಿಯವನ ಮನೆಯವರೂ ನೆಂಟರೂ ಅದನ್ನು ಸೋಜಿಗವೆಂದು ಹಂಚಿಕೊಂಡರು. ಮನೆಯವರೆಲ್ಲ ಕಾಯಿಲೆ ಬೀಳುವದನ್ನು ಕಂಡು, ಆ ಗುಜರಿಯವನ ಹೆಂಡತಿಯೇ ಇದಕ್ಕೆ ಆ ವಸ್ತುವು ಕಾರಣವೆಂದು ಗ್ರಹಿಸಿ, ಅದನ್ನು ಚೀಲದಲ್ಲಿ ತುಂಬಿಸಿ ಬಸ್ಸಿನಲ್ಲಿ ವೈದ್ಯರ ಬಳಿಗೆ ಒಯ್ದಳು. ಆಕೆಯ ಮಾತಿನಿಂದಲೇ ಸಂಗತಿಯು ಬೆಳಕಿಗೆ ಬಂದು ಅನೇಕರು ಉಳಿದರು, ಆಕೆಯು ಸತ್ತಳು. ಆಕೆಯ ಮನೆತನದ ಆರು ವರುಷದ ಹುಡುಗಿಯೂ, ಇಬ್ಬರು ಕೆಲಸದವರೂ ಸತ್ತರು. ಲಕ್ಷಕ್ಕಿಂತ ಹೆಚ್ಚು ಜನರನ್ನು ಪರೀಕ್ಷಿಸಿದಾಗ 249 ಮಂದಿಗೆ ಆ ಪುಡಿಯು ಸೋಂಕಿತ್ತು. ಆ ಚಿಕ್ಕ ಹುಡುಗಿಯನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಸಮಾಧಿಗೆ ತಂದಾಗ, ನಮ್ಮ ನೆಲದಲ್ಲಿ ಹೂಳಬೇಡಿರೆಂದು ಜನರು ಕಲ್ಲುಗಳನ್ನು ಎಸೆದರು.

ಕಡೆಯದಾಗಿ, 2011ನೆಯ ಮಾರ್ಚ್ 11ರಂದು ಭೂಕಂಪವೂ ಸಮುದ್ರದ ಅಲೆಯೂ ಬಂದು ಜಪಾನಿನ ಫುಕುಶಿಮಾದ ಅಣುಸ್ಥಾವರವು ಕೆಟ್ಟಿತು. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಜನರು ಮನೆಗಳನ್ನು ಬಿಟ್ಟುಹೋಗಬೇಕಾಯಿತು. ವಿಕಿರಣದಿಂದ ಆ ದಿನಗಳಲ್ಲಿ ಯಾರೂ ಸಾಯಲಿಲ್ಲ. ಆದರೆ ಹಾಸಿಗೆ ಹಿಡಿದ ಮುದುಕರನ್ನು ಅವಸರದಿಂದ ಸಾಗಿಸುವದರಲ್ಲಿಯೂ, ಮನೆಮಾರು ಕಳಕೊಂಡು ಅಲೆಯುವ ಆಯಾಸದಲ್ಲಿಯೂ, ಚಿಂತೆಯಲ್ಲಿಯೂ ಆ ಪ್ರಾಂತದಲ್ಲಿ 2,300ಕ್ಕಿಂತ ಹೆಚ್ಚು ಮಂದಿ ತೀರಿಕೊಂಡರೆಂದು ಅಲ್ಲಿಯ ಸರಕಾರವೇ ಲೆಕ್ಕ ಬರೆದಿದೆ. ಕಾಣದ ವಸ್ತುವು ಮಾತ್ರವಲ್ಲ, ಅದರ ಭಯವೂ ಕೊಲ್ಲುವದು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಯಾರ ಪಾಪ?

ಲೂಕನ ಸುವಾರ್ತೆಯ 13ನೆಯ ಅಧ್ಯಾಯವನ್ನು ತೆರೆಯಿರಿ. ಸಿಲೋವದಲ್ಲಿ ಒಂದು ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅದೂ ಕಟ್ಟಡದ ಅಪಘಾತವೇ. ಸತ್ತವರು ಯೆರೂಸಲೇಮಿನ ಬೇರೆ ಎಲ್ಲರಿಗಿಂತ ಹೆಚ್ಚು ಪಾಪಿಗಳೆಂದು ನೆನಸುವಿರೋ ಎಂದು ನಮ್ಮ ಕರ್ತನು ಕೇಳಿ, ಅಲ್ಲವೆಂದು ತಾನೇ ಉತ್ತರ ಕೊಟ್ಟನು. ಅಷ್ಟಕ್ಕೆ ಬಿಡದೆ, ಮಾನಸಾಂತರಪಡಬೇಕಾದವರು ಕೇಳುತ್ತಾ ನಿಂತ ನೀವೇ ಎಂದು ತಿರುಗಿಸಿ ಹೇಳಿದನು. ಯೋಹಾನನ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡು ಶಿಷ್ಯರು, ಇವನ ಪಾಪವೋ ಇವನ ತಂದೆತಾಯಿಗಳ ಪಾಪವೋ ಎಂದು ಕೇಳಿದರು. ಆ ಎರಡೂ ಅಲ್ಲವೆಂದು ಕರ್ತನು ಹೇಳಿ, ಮಣ್ಣನ್ನು ಕಲಸಿ ಅವನ ಕಣ್ಣಿಗೆ ಹಚ್ಚಿದನು. ಯಾರ ಪಾಪವೆಂದು ಲೆಕ್ಕಹಾಕುವದು ಶಿಷ್ಯರ ಕೆಲಸವಾಗಿತ್ತು. ಕೈಗೆ ಕೆಸರು ಹಚ್ಚಿಕೊಳ್ಳುವದು ಕರ್ತನ ಕೆಲಸವಾಗಿತ್ತು.

ಆದುದರಿಂದ ಆ ಹುಡುಗನಲ್ಲಿಯೂ ಅವನ ತಾಯಿಯಲ್ಲಿಯೂ ಪಾಪವನ್ನು ಹುಡುಕಬಾರದು. ಇದು ಸ್ಪಷ್ಟ. ಆದರೆ ಇಲ್ಲಿಗೆ ನಿಲ್ಲಿಸಿದರೆ ಇನ್ನೊಂದು ತಪ್ಪಿನೊಳಗೆ ಬೀಳುವೆವು. ನರಳುವವನದು ಪಾಪವಲ್ಲವೆಂದರೆ ಯಾರದೂ ಹೊಣೆಯಲ್ಲವೆಂದು ಅರ್ಥವೋ? ಎಲ್ಲವೂ ದೇವರ ಚಿತ್ತವೆಂದು ಹೇಳಿ, ಕಟ್ಟಿದವನೂ ಕಾದವನೂ ಮುಚ್ಚಿಟ್ಟವನೂ ಕೈತೊಳಕೊಂಡು ಹೋಗಬಹುದೋ? ನಾವು ಆ ಕಟ್ಟೆಯ ಮೇಲೆ ಆಡಿದ ಮಾತಿನ ದೋಷವು ಇದೇ ಆಗಿತ್ತು.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಹೊಸ ಮನೆಯನ್ನು ಕಟ್ಟುವವನಿಗೆ ಒಂದು ಆಜ್ಞೆಯುಂಟು. ಮಾಳಿಗೆಯ ಸುತ್ತ ಕುಂಬಿಯನ್ನು ಕಟ್ಟಬೇಕು. ಕಟ್ಟದೆ ಬಿಟ್ಟು ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧವು ಆ ಮನೆಯ ಮೇಲಿರುವದು. ನಮ್ಮ ಮಣ್ಣಿನ ಮಾಳಿಗೆಗಳ ಮೇಲೆ ಬೇಸಿಗೆಯಲ್ಲಿ ಮಲಗುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿದ್ದವನು ಪಾಪಿಯೆಂದು ದೇವರು ಹೇಳಲಿಲ್ಲ. ಬೀಳುವದು ನನ್ನ ಚಿತ್ತವೆಂದೂ ಹೇಳಲಿಲ್ಲ. ಕುಂಬಿ ಎಲ್ಲಿ ಎಂದು ಕೇಳಿದನು. ಅಣುಸ್ಥಾವರವನ್ನು ಕಟ್ಟುವ ಸರಕಾರಕ್ಕೂ, ಅದನ್ನು ನಡಿಸುವ ಅಧಿಕಾರಿಗೂ, ಕೂಲಿಯವನನ್ನು ಒಳಗೆ ಕಳುಹಿಸುವ ಗುತ್ತಿಗೆದಾರನಿಗೂ ದೇವರು ಕೇಳುವ ಪ್ರಶ್ನೆ ಇದೇ.

ಆದರೂ ಇನ್ನೊಂದು ತೊಡಕು ಉಳಿಯುವದು. ಮಾಳಿಗೆಯಿಂದ ಬಿದ್ದವನು ಯಾರೆಂದು ಎಲ್ಲರಿಗೂ ಕಾಣುವದು. ವಿಕಿರಣದಿಂದ ಬಿದ್ದವನು ಯಾರೆಂದು ಕಾಣದು. ಅಮೇರಿಕದ ವಿಜ್ಞಾನ ಪಂಡಿತರ ಮಂಡಲಿಯು 2006ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿತು. ಆ ದೇಶದ ನೂರು ಮಂದಿಗೆ ತಲಾ 100 ಮಿಲಿಸೀವರ್ಟ್ ತಗಲಿದರೆ, ಆಯುಷ್ಯದಲ್ಲಿ ಅವರಲ್ಲಿ ಒಬ್ಬನಿಗೆ ಅದರಿಂದ ಕ್ಯಾನ್ಸರ್ ಬರಬಹುದು; ಅದೇ ನೂರು ಮಂದಿಯಲ್ಲಿ ಸುಮಾರು 42 ಮಂದಿಗೆ ಬೇರೆ ಕಾರಣಗಳಿಂದಲೇ ಬರಬಹುದು. ಆ ನಲವತ್ತಮೂರು ಮಂದಿಯ ನಡುವೆ ಆ ಒಬ್ಬನು ಯಾರು? ಯಾವ ವೈದ್ಯನೂ ಬೆರಳಿಟ್ಟು ತೋರಿಸಲಾರನು. ರೋಗಿಯು ತಾನೇ ಅವನೆಂದು ಸ್ಥಾಪಿಸಲಾರನು. ಹೊಣೆಗಾರನು, ನಿನ್ನದು ತಂಬಾಕಿನಿಂದ ಬಂತು ಎಂದು ಸುಲಭವಾಗಿ ಹೇಳಬಲ್ಲನು. ಸಾಲವು ಇರುವದು ನಿಶ್ಚಯ, ಸಾಲ ಕೊಟ್ಟವನು ಯಾರೆಂಬದು ಮಾತ್ರ ಗೊತ್ತಿಲ್ಲ. ಇಂಥ ಸಾಲವನ್ನು ತೀರಿಸದೆ ಬಿಡಬಹುದೋ?

ಇದಕ್ಕೆ ಉತ್ತರವು ಸತ್ಯವೇದದಲ್ಲಿ ಇರಲಾರದೆಂದು ನಾವು ಅಂದುಕೊಂಡಿದ್ದೆವು. ಆದರೆ ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ಆರಂಭವನ್ನು ಓದಿರಿ. ಹೊಲದಲ್ಲಿ ಒಂದು ಹೆಣವು ಬಿದ್ದಿರುವದು. ಕೊಂದವನು ಯಾರೆಂದು ತಿಳಿಯದು. ಆಗ ಹಿರಿಯರು ಹೊರಟುಬಂದು ಹೆಣದಿಂದ ಸುತ್ತಲಿನ ಊರುಗಳ ವರೆಗೆ ದೂರವನ್ನು ಅಳೆಯಬೇಕು. ಯಾವ ಊರು ಹತ್ತಿರವೋ ಆ ಊರಿನ ಹಿರಿಯರು ಮುಂದೆ ಬಂದು ದೇವರ ಸನ್ನಿಧಿಯಲ್ಲಿ ಆ ಸಾವಿಗೆ ಉತ್ತರ ಕೊಡಬೇಕು. ಕೊಂದವನು ಗೊತ್ತಿಲ್ಲವೆಂಬ ನೆವದಿಂದ ಯಾರೂ ಹೊಲವನ್ನು ದಾಟಿ ಹೋಗಬಾರದು. ಕಾರಣವು ನಿಶ್ಚಯವಾಗದಿದ್ದಾಗ ಹೊಣೆಯು ಇಲ್ಲವಾಗುವದಿಲ್ಲ. ಅದು ಹತ್ತಿರದವರೆಲ್ಲರ ಮೇಲೆ ಹಂಚಿಹೋಗುವದು. ಇದೇ ನಾವು ಈ ಬರಹದಿಂದ ಹೇಳಬೇಕೆಂದಿರುವ ಮಾತು.

ಹತ್ತಿರದವರು ಯಾರು? ಗೋಕಾಕದಿಂದ ಕೈಗಾ ದೂರವೆಂದು ನೀವು ಹೇಳುವಿರಿ. ಹಾದಿಯಿಂದ ಅಳೆದರೆ ದೂರವೇ. ಆದರೆ ತಂತಿಯಿಂದ ಅಳೆದು ನೋಡಿರಿ. 1887ರಲ್ಲಿ ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನಿಂದ ವಿದ್ಯುತ್ತನ್ನು ಹುಟ್ಟಿಸಿದಾಗ ಅದು ಅಲ್ಲಿಯ ಗಿರಣಿಗೆ ಮಾತ್ರ ಸಾಕಾಗಿತ್ತು. ಈಗಲಾದರೋ ಎಲ್ಲ ಸ್ಥಾವರಗಳ ವಿದ್ಯುತ್ತು ಒಂದೇ ಜಾಲದಲ್ಲಿ ಕೂಡಿ, ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಕಂಬದ ಮೇಲೆಯೂ ಮೂಡಲಗಿಯ ಬಾವಿಯ ಪಂಪಿನೊಳಗೂ ಹರಿಯುವದು. ನಮ್ಮ ಪ್ರಾರ್ಥನಾಮಂದಿರದಲ್ಲಿ ರಾತ್ರಿ ದೀಪವು ಉರಿಯುವಾಗ ಅದರಲ್ಲಿ ಎಷ್ಟು ಪಾಲು ನೀರಿನದು, ಎಷ್ಟು ಕಲ್ಲಿದ್ದಲಿನದು, ಎಷ್ಟು ಅಣುವಿನದು ಎಂದು ಬೇರ್ಪಡಿಸಲಾಗದು. ಆ ಬೆಳಕಿನಲ್ಲಿ ಕುಳಿತು ನಾವು, ಬೆಳಕು ನಮ್ಮದು, ಅಪಾಯವು ಕೂಲಿಯವನದು ಎಂದು ಹೇಳಬಹುದೋ? ಆ ಹುಡುಗನು ಬಳಿದ ಬಣ್ಣದ ಗೋಡೆಯ ಆಚೆಯಿಂದ ನಮ್ಮ ದೀಪಕ್ಕೆ ಎಣ್ಣೆ ಬಂದಿತು. ನಾವೇ ಹತ್ತಿರದ ಊರಿನವರು.

ಹಾಗಾದರೆ ಹತ್ತಿರದವರು ಮಾಡತಕ್ಕದ್ದೇನು?

ಮೊದಲು, ಸತ್ಯವನ್ನು ಅದರ ಅಳತೆಯಲ್ಲಿಯೇ ಹೇಳತಕ್ಕದ್ದು. ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಎರಡು ಕಡೆಯಿಂದ ಮೀರಬಹುದು. ಹಾಲು ವಿಷವಾಗಿರುವದನ್ನು ತಿಳಿದು ಸುಮ್ಮನಿದ್ದವನು ಕಡಿಮೆ ಹೇಳಿ ಮೀರಿದನು. ಹುಡುಗನ ಮಕ್ಕಳು ಸೊಟ್ಟಾಗುವರೆಂದು ಚಿತ್ರ ಕಳುಹಿಸಿದವನು ಹೆಚ್ಚು ಹೇಳಿ ಮೀರಿದನು. ಅದನ್ನು ವಿಚಾರಿಸದೆ ಮುಂದಕ್ಕೆ ಕಳುಹಿಸಿದ ನಮ್ಮ ಸಭೆಯವರೂ ಆ ಪಾಪದಲ್ಲಿ ಪಾಲುಗಾರರು. ಗೊಯಾನಿಯಾದ ಆ ಬಡ ಹೆಂಗಸಿಗೆ ವಿದ್ಯೆಯಿರಲಿಲ್ಲ, ಅಧಿಕಾರವಿರಲಿಲ್ಲ. ಕಂಡದ್ದನ್ನು ಹೇಳತಕ್ಕವರ ಬಳಿಗೆ ಹೋಗಿ ಹೇಳಿದಳು. ಅದಕ್ಕಿಂತ ಹೆಚ್ಚಿನದನ್ನು ದೇವರು ನಮ್ಮಿಂದ ಕೇಳುವದಿಲ್ಲ, ಕಡಿಮೆಯಾದದ್ದನ್ನೂ ಕೇಳುವದಿಲ್ಲ.

ಎರಡನೆಯದು, ಹಾನಿಯು ದೀರ್ಘವಾದದ್ದಾದರೆ ನೆನಪೂ ದೀರ್ಘವಾಗಿರತಕ್ಕದ್ದು. ಅಪಘಾತದ ವಾರದಲ್ಲಿ ಪತ್ರಿಕೆಯವರು ಬರುವರು, ಮಂತ್ರಿಗಳು ಬರುವರು. ಇಪ್ಪತ್ತು ವರುಷಗಳ ಮೇಲೆ ಕೊರಳಲ್ಲಿ ಗಂಟು ಕಂಡಾಗ ಯಾರು ಬರುವರು? ಸಭೆಯು ಬರಬೇಕು. ಆದಕಾರಣ ಇಂಥ ಸ್ಥಾವರಗಳಲ್ಲಿ ದುಡಿದ ನಮ್ಮವರು ತಾವು ಎದೆಯ ಮೇಲೆ ಧರಿಸಿದ್ದ ಅಳತೆಬಿಲ್ಲೆಯ ಲೆಕ್ಕದ ಕಾಗದವನ್ನು ಕೇಳಿ ತಕ್ಕೊಳ್ಳಲಿ, ಹೊಲದ ಉತಾರದಂತೆ ಪೆಟ್ಟಿಗೆಯಲ್ಲಿಡಲಿ. ಮುಂದೆ ಕಾಯಿಲೆಯಾದಾಗ ವೈದ್ಯರಿಗೆ ತೋರಿಸಲಿ. ಓದಲು ಬಾರದವರಿಗೆ ಸಭೆಯ ಯೌವನಸ್ಥರು ಓದಿ ಹೇಳಲಿ. ಗುಜರಿಯ ವ್ಯಾಪಾರ ಮಾಡುವವರು ಹಳದಿಯ ಮೇಲೆ ಮೂರು ಎಸಳಿನ ಗುರುತಿರುವ ಯಾವ ಕಬ್ಬಿಣವನ್ನೂ ಮುಟ್ಟದೆ ಪೋಲೀಸರಿಗೆ ತಿಳಿಸಲಿ. 2010ರಲ್ಲಿ ದಿಲ್ಲಿಯ ಮಾಯಾಪುರಿಯಲ್ಲಿ ಗುಜರಿಯಾಗಿ ಮಾರಲ್ಪಟ್ಟ ಕೋಬಾಲ್ಟ್ ಯಂತ್ರವನ್ನು ಒಡೆದಾಗ ಒಬ್ಬನು ಸತ್ತು, ಇನ್ನು ಕೆಲವರು ಬಹಳ ಕಾಯಿಲೆಬಿದ್ದರು.

ಮೂರನೆಯದು, ಮುಟ್ಟತಕ್ಕದ್ದು. ಕುಷ್ಠರೋಗಿಯು ಬಂದು ಮೊಣಕಾಲೂರಿದಾಗ ನಮ್ಮ ಕರ್ತನು ಮಾತಿನಿಂದಲೇ ವಾಸಿಮಾಡಬಲ್ಲವನಾಗಿದ್ದರೂ ಕೈನೀಡಿ ಅವನನ್ನು ಮುಟ್ಟಿದನೆಂದು ಮಾರ್ಕನು ಬರೆಯುವನು. ವಿಕಿರಣವು ತಗಲಿಹೋದ ಮನುಷ್ಯನಿಂದ ಇನ್ನೊಬ್ಬನಿಗೆ ರೋಗ ಅಂಟುವದಿಲ್ಲ. ಎಕ್ಸ್‌ರೇ ತೆಗೆಸಿ ಬಂದವನಿಂದ ಅಂಟದಂತೆಯೇ. ಮೈಮೇಲೆ ಪುಡಿಯು ಕುಳಿತಿದ್ದರೆ ಮಾತ್ರ ತೊಳೆದು ತೆಗೆಯಬೇಕು; ಅದು ಅಪಘಾತದ ದಿನದ ಮಾತು, ವರುಷಗಳ ಮೇಲಿನ ಮಾತಲ್ಲ. ಹೀಗಿರಲು ಒಂದೇ ರೊಟ್ಟಿಯಲ್ಲಿಯೂ ಒಂದೇ ಪಾತ್ರೆಯಲ್ಲಿಯೂ ಪಾಲುಹೊಂದುವ ನಾವು ಅವನ ಸಂಗಡ ತಾಟಿಗೆ ಕೂಡ್ರದೆ ಹೋದರೆ ನಮ್ಮ ಪವಿತ್ರ ಭೋಜನಕ್ಕೆ ಅರ್ಥವೇನು? ಬೇರೆಯವರು ನಮ್ಮ ಹಿರಿಯರನ್ನು ಬಾವಿಗೆ ಬರಗೊಡದೆ ಇದ್ದ ದಿನಗಳನ್ನು ನಮ್ಮ ಅಜ್ಜಅಜ್ಜಿಯರು ಹೇಳುತ್ತಿದ್ದರು. ದೂರವಿಡಲ್ಪಟ್ಟವರ ಮಕ್ಕಳು ದೂರವಿಡುವದನ್ನು ಕಲಿಯಬಾರದು.

ನಾವು ಆ ತಾಯಿಯ ಮನೆಗೆ ತಿರಿಗಿ ಹೋದೆವು. ಮಗನು ಟ್ರಂಕಿನಿಂದ ತನ್ನ ಕಾಗದಗಳನ್ನು ತೆಗೆದುಕೊಟ್ಟನು. ಅವನ ಒಪ್ಪಿಗೆಯಿಂದ ಅವುಗಳನ್ನು ಒಬ್ಬ ವೈದ್ಯರಿಗೆ ತೋರಿಸಿದೆವು. ಪ್ರತಿ ವರುಷದ ಅಂಕಿಯು ನೇಮದ ಮಿತಿಗಿಂತ ಬಹಳ ಕಡಿಮೆಯಿತ್ತು. ಅಪಾಯವು ಏನೂ ಇಲ್ಲವೆಂದು ನಾನು ಹೇಳಲಾರೆ, ಬಹಳ ಚಿಕ್ಕದೆಂದು ಹೇಳಬಲ್ಲೆ. ಮಕ್ಕಳ ವಿಷಯದಲ್ಲಾದರೋ ಹೆದರುವ ಕಾರಣವು ಇದರಲ್ಲಿ ನನಗೆ ಕಾಣುವದಿಲ್ಲ ಎಂದು ವೈದ್ಯರು ಹೇಳಿದರು. ನಾವು ಅದನ್ನು ಹೆಚ್ಚಿಸದೆಯೂ ತಗ್ಗಿಸದೆಯೂ ಆ ತಾಯಿಗೆ ಹೇಳಿ, ಮೊದಲನೆಯ ದಿನ ಎದ್ದುಹೋದದ್ದಕ್ಕೆ ಕ್ಷಮೆ ಕೇಳಿದೆವು. ಆಕೆಯು ಬಹಳ ಹೊತ್ತು ಸುಮ್ಮನಿದ್ದು, “ಇದನ್ನ ಅವರ ಮುಂದನೂ ಹೇಳ್ರಿ” ಎಂದಳು. ಸಭೆಯ ಇಬ್ಬರು ಹಿರಿಯರು ಅದೇ ಕಾಗದಗಳನ್ನು ತಕ್ಕೊಂಡು ಹುಕ್ಕೇರಿಯ ಕಡೆಗೆ ಹೋಗಿಬಂದಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ಆ ಮನೆಯಿಂದ ಉತ್ತರವು ಇನ್ನೂ ಬಂದಿಲ್ಲ. ಆ ಭಾನುವಾರ ಆರಾಧನೆಯ ತರುವಾಯ ಸಭೆಯವರೆಲ್ಲ ಕೂಡಿ ಉಂಡಾಗ, ಒಂದೇ ತಾಟಿನಲ್ಲಿ ಉಣ್ಣಬಾರದೆಂದು ಹೇಳಿದ್ದ ಮುದುಕರೇ ಆ ಹುಡುಗನನ್ನು ಕರೆದು ತಮ್ಮ ಬದಿಯಲ್ಲಿ ಕೂಡ್ರಿಸಿಕೊಂಡರು.

ವಾಚಕರೇ, ಮರೆಯಾದದ್ದನ್ನು ನೋಡುವ ತಂದೆಯು ಕಾಣದ ಗಾಯಗಳನ್ನೂ ನೋಡುವನು. ನಲವತ್ತಮೂರು ಮಂದಿಯೊಳಗಿನ ಆ ಒಬ್ಬನ ಹ್ಸರು ಆತನಿಗೆ ಗೊತ್ತಿದೆ. ನಮಗೆ ಗೊತ್ತಿಲ್ಲದಿರುವದರಿಂದಲೇ ನಾವು ಎಲ್ಲರನ್ನೂ ಆ ಒಬ್ಬನೆಂದು ಎಣಿಸಿ ಪ್ರೀತಿಸತಕ್ಕದ್ದು. ಸತ್ಯವನ್ನು ಬೇಗನೆ ಹೇಳುವ ಬಾಯನ್ನೂ, ಹೆಚ್ಚಿಸದ ನಾಲಿಗೆಯನ್ನೂ, ಬಹು ವರುಷ ಮರೆಯದ ಮನಸ್ಸನ್ನೂ ದೇವರು ನಮ್ಮ ಸಭೆಗಳಿಗೆ ಅನುಗ್ರಹಿಸಲಿ. ಆಮೆನ್.